ದೊಡ್ಡಪ್ಪನ ಪಿಕಪ್ಪಿಗೆ ಐದು ಗೇರು

ದೊಡ್ಡಪ್ಪಾ,

ಮೇಲೆ ಯಾರ ಗಾಡಿಯ ಬಾನೆಟ್ ಎತ್ತಿ ಬಯ್ಯುತ್ತಾ ನಿಂತಿದ್ದೀಯೋ ಗೊತ್ತಿಲ್ಲ. ಒಂದು ನಿಮಿಷ ಕೈ ಒರೆಸಿಕೊಂಡು ಇದನ್ನು ಓದು. ನಿನ್ನ ಪಿಕಪ್ಪಿನ ನಾಲ್ಕು ಗೇರಿನ ಗೇರ್‌ಬಾಕ್ಸ್ ದೀರ್ಘಕಾಲದ ಅಸ್ವಸ್ಥತೆಯಿಂದ ಬಳಲಿ ನಮ್ಮನ್ನು ಅಗಲಿದೆ ಎಂದು ತಿಳಿಸಲು ವಿಷಾದಿಸುತ್ತೇನೆ. ಅದರ ಜಾಗದಲ್ಲಿ ಈಗ ಐದು ಗೇರಿನದು ಕೂತಿದೆ. ನೀನಿದ್ದಿದ್ದರೆ ಸ್ಪ್ಯಾನರ್ ಹಿಡಿದು ನನ್ನನ್ನು ಹೆತ್ತೂರಿನ ತನಕ ಅಟ್ಟಿಸಿಕೊಂಡು ಬರುತ್ತಿದ್ದೆ, ಅಲ್ಲವಾ?

ಹೊಸ ಬಾಕ್ಸ್ ಹಾಕೋಣ ಅಂತ ಮೆಕ್ಯಾನಿಕ್ ಮಂಜಣ್ಣ ಅಂದಾಗಲೆಲ್ಲ, “ಐದನೇ ಗೇರ್ ಹಾಕಕ್ಕೆ ಈ ಸೀಮೇಲಿ ರೋಡೆಲ್ಲೈತೋ ಮಾರಾಯ?” ಅಂತ ನೀನು ಅವನ ಬಾಯಿ ಮುಚ್ಚಿಸುತ್ತಿದ್ದೆ. ಇಳಿಜಾರಿನಲ್ಲಿ ಮೂರನೇ ಗೇರು ತಾನಾಗಿಯೇ ಕಳಚಿಕೊಳ್ಳುತ್ತಿತ್ತು. ಅದಕ್ಕೆ ನೀನು ಕಂಡುಕೊಂಡ ಬಿಡಿಭಾಗ ದೊಡ್ಡಮ್ಮ. ಅವಳನ್ನು ನಡುವೆ ಕೂರಿಸಿ ಗೇರಿನ ಕಡ್ಡಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿಸುತ್ತಿದ್ದೆ. ರೇಷ್ಮೆ ಸೀರೆ ಉಟ್ಟು ಮದುವೆಗೆ ಹೊರಟಾಗಲೂ ಅವಳಿಗೆ ಅದೇ ಉದ್ಯೋಗ. ನಾನೂ ಓಡಿಸಲು ಕಲಿಯುತ್ತೇನೆ ಎಂದು ಅವಳು ಅಂದರೆ, “ಈ ಗೇರು ನನ್ ಕೈಗೊಂದೇ ಬಗ್ಗೋದು ಕಣೇ” ಅಂತ...

ನೀನು ಎದೆ ಹಿಡಿದುಕೊಂಡು ಕೂತ ಬೆಳಿಗ್ಗೆ ಪಿಕಪ್ ಅಂಗಳದಲ್ಲೇ ಇತ್ತು, ಓಡಿಸುವವರಿರಲಿಲ್ಲ. ನಾನು ಆಲೂರಿನಲ್ಲಿ ಗೆಳೆಯನ ಮದುವೆಯಲ್ಲಿದ್ದೆ. ದೊಡ್ಡಮ್ಮ ಹಾನುಬಾಳಿನಿಂದ ಜೀಪು ಕರೆಸಿದಳು. ಅದು ಬರುವ ಹೊತ್ತಿಗೆ ನೀನು... ಇರಲಿ, ಅದು ನಿನಗೇ ಗೊತ್ತಿರುವ ವಿಷಯ. ಆಮೇಲೆ ಅವಳು ಅಂದದ್ದು ಒಂದೇ ಮಾತು: “ಆ ಗಾಡಿ ಮಾರ್ಬುಡು. ಅಂಗಳದಲ್ಲಿ ನಿಂತ್ಕಂಡು ನನ್ನೇ ನೋಡ್ತೈತೆ.” ಕೇಳಿಕೊಂಡು ಬಂದ ಹೆತ್ತೂರಿನವನು ಅದನ್ನು ಬಿಚ್ಚಿ ಗುಜರಿಗೆ ಹಾಕುವವನು. ರಿಪೇರಿ ಮಾಡಿಸಿ, ಒಂದು ಸಲ ಲೋಡು ಹೊಡೆದು ನೋಡಿ, ಆಮೇಲೆ ಬೇಕಾದರೆ ಮಾರೋಣ ಎಂದು ದೊಡ್ಡಮ್ಮನ ಕಾಲು ಹಿಡಿದೆ.

ಮಂಜಣ್ಣನ ಶೆಡ್ಡಿನಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಹೊಸ ಬಾಕ್ಸು ಹಳೆಯದಕ್ಕಿಂತ ಉದ್ದ. ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟನ್ನು ಕತ್ತರಿಸಿ ಬೆಸೆದು ಗಿಡ್ಡ ಮಾಡಬೇಕಾಯಿತು. ಮುಗಿದ ಮೇಲೆ ನಾನು ಗಂಭೀರವಾಗಿ ಹತ್ತಿ, ಮೊದಲನೆಯದೆಂದು ರಿವರ್ಸ್ ಹಾಕಿ, ಅವನ ಎಣ್ಣೆ ಬಕೆಟ್ಟನ್ನು ಚಪ್ಪಟೆ ಮಾಡಿದೆ. “ನಿಮ್ ದೊಡ್ಡಪ್ಪನೇ ವಾಸಿ ಕಣೋ, ಮುಂದಕ್ಕಾದ್ರೂ ಹೋಗೋನು!” ಅಂದ.

ಪಿತೃಪಕ್ಷಕ್ಕೆ ನಿನಗೆ ಎಡೆ ಇಟ್ಟದ್ದು ತಲುಪಿತಾ? ಕಡುಬು, ಕೋಳಿ ಸಾರು, ಬೀಡಿ ಕಟ್ಟು. ಪಕ್ಕದಲ್ಲಿ ಸೀಮೆಎಣ್ಣೆಯಲ್ಲಿ ತೊಳೆದು, ಕುಂಕುಮ ಹಚ್ಚಿದ ಹಳೆಯ ಗೇರ್‌ಬಾಕ್ಸ್.

“ಏನೋ ಇದು, ಮುಟ್ಠಾಳ!”

“ಸತ್ತೋರಿಗೆ ಇಷ್ಟವಾದ್ದೆಲ್ಲ ಇಡ್ಬೇಕು ಅಂದ್ಯಲ್ಲ ದೊಡ್ಡಮ್ಮ.”

ಅವಳು ಬಗ್ಗಿ ಅದರ ಅಡಿಗೆ ಬೆರಳಾಡಿಸಿದಳು. “ಎಣ್ಣೆ ಸೋರ್ತೈತೆ. ಅಡೀಕೆ ಪೇಪರ್ ಹಾಕು” ಅಂದಳು.

ಮಾರನೆಯ ವಾರ ಗೊಬ್ಬರದ ಮೂಟೆ ಹೇರಿಕೊಂಡು ಸಕಲೇಶಪುರದಿಂದ ಹೊರಟೆವು. ಕಿಟಕಿ ಪಕ್ಕದ ಸೀಟು ಖಾಲಿ ಇದ್ದರೂ ದೊಡ್ಡಮ್ಮ ನಡುವೆಯೇ ಕೂತಳು. ಇಳಿಜಾರಿನಲ್ಲಿ ಮೂರನೆಯದು ಹಾಕಿದೆ. ಅವಳ ಕೈಗಳು ಮೇಲೆದ್ದವು.

“ಬಿಡು, ಅದೇ ನಿಂತ್ಕತ್ತೈತೆ.”

ಕೈಗಳು ಮಡಿಲಿಗೆ ಹಿಂತಿರುಗಿದವು. ಅಲ್ಲಿ ಅವಕ್ಕೆ ಮಾಡಲು ಏನೂ ಇರಲಿಲ್ಲ. ಮನೆ ಹತ್ತಿರ, ಕಾಫಿ ಒಣಗಿಸುವ ಕಣದ ಪಕ್ಕ ಬಂದಾಗ, “ನಿಲ್ಸು. ಇಳಿ” ಅಂದಳು.

“ಯಾಕೆ?”

“ಇಳಿಯೋ ಮಾರಾಯ. ಆ ಸೀಟು ನಂಗೆ ಬೇಕು.”

ಖಾಲಿ ಕಣದಲ್ಲೇ ಕಲಿತಳು. ನಾನು ಹೇಳಿಕೊಟ್ಟದ್ದು ಕ್ಲಚ್ ಒಂದೇ. ಹೆತ್ತೂರಿನವನು ಮತ್ತೆ ಬಂದಾಗ ಸ್ಟೇರಿಂಗ್ ಹಿಂದಿನಿಂದಲೇ, “ಮಾರಾಟಕ್ಕಿಲ್ಲ ಕಣಪ್ಪ” ಅಂದಳು. ಈಗ ಲೈಸೆನ್ಸೂ ಬಂದಿದೆ. ಐದನೇ ಗೇರು ಮಾತ್ರ ಇನ್ನೂ ಬಿದ್ದಿಲ್ಲ. ರೋಡಿನ ವಿಷಯದಲ್ಲಿ ನೀನು ಹೇಳಿದ್ದೇ ಸರಿ.

ನಿನ್ನೆ ಎಸ್ಟೇಟಿನ ಕೂಲಿಯಾಳುಗಳ ಲೈನುಮನೆಯ ಗೌರಿಗೆ ಹೆರಿಗೆ ನೋವು ಶುರುವಾಯಿತು. ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೀ ತೆಗೆದುಕೊಂಡಳು. ಗೌರಿಯನ್ನೂ ಅವಳ ಅತ್ತೆಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ನನ್ನನ್ನು ಹಿಂದಕ್ಕೆ ಹತ್ತಿಸಿ, ಸಕಲೇಶಪುರದ ಆಸ್ಪತ್ರೆಯ ಬಾಗಿಲಿಗೇ ಒಯ್ದು ನಿಲ್ಲಿಸಿದಳು. ಪ್ರತಿ ತಿರುವಿನಲ್ಲೂ ನಾನು ಒಬ್ಬೊಬ್ಬ ದೇವರಿಗೆ ಹರಕೆ ಹೊತ್ತೆ.

ಹೆಣ್ಣು ಮಗು, ದೊಡ್ಡಪ್ಪಾ. ತಾಯಿ, ಮಗು, ಪಿಕಪ್ ಮೂರೂ ಕ್ಷೇಮ.