ಬೇಲಿ ಅಳೆದು ಹೊಲ ಕೊಟ್ಟವರಿಗೆ

ಶಾಲಾ ಕಟ್ಟಡಗಳ ಉಸ್ತುವಾರಿ ಹೊತ್ತ ಅಧಿಕಾರಿಗಳಿಗೆ,

ಮಾನ್ಯರೇ, ನಾಲ್ಕನೇ ತರಗತಿಯ ಮಕ್ಕಳು ಕೂರುತ್ತಿದ್ದ ಕೋಣೆಯನ್ನು ನೀವು ತೆಗೆದುಕೊಂಡಿರಿ. ಅದಕ್ಕೆ ಸಮನಾದದ್ದು ಎಂದು ಹೇಳಿ, ಸರಿಯಾಗಿ ಅದರ ಅರ್ಧದಷ್ಟಿರುವ ಇನ್ನೊಂದನ್ನು ಕೊಟ್ಟಿರಿ. ಅದರಿಂದಾಗಿ ನನ್ನ ಮೊಮ್ಮಗಳು ಶಾಲೆಗೆ ಹೋಗುವುದನ್ನೇ ಬಿಟ್ಟಿದ್ದಾಳೆ. ದೂರು ಇಷ್ಟೇ. ತಮಗೆ ಕೆಲಸ ಬಹಳವಿದ್ದರೆ ಇಲ್ಲಿಗೇ ನಿಲ್ಲಿಸಬಹುದು, ವಿಷಯ ತಿಳಿದಂತಾಯಿತು.

ಆ ಹಳೆಯ ಕೋಣೆ ಈಗ ಖಾಲಿಯೇನೂ ಇಲ್ಲ. ತಮ್ಮ ಕಡೆಯಿಂದ ಬಂದ ಕಲಿಕಾ ಪೆಟ್ಟಿಗೆಗಳನ್ನು ಅಲ್ಲಿ ಸೂರಿನವರೆಗೆ ಪೇರಿಸಿದ್ದಾರೆ. ಸುತ್ತಲಿನ ಶಾಲೆಗಳಿಗೆ ಹಂಚಬೇಕಾದವಂತೆ. ಒಂದೊಂದರ ಮೇಲೂ ‘ಆಯತದ ವಿಸ್ತೀರ್ಣ: ಆಡುತ್ತ ಕಲಿಯೋಣ’ ಎಂದು ಬಣ್ಣಬಣ್ಣವಾಗಿ ಅಚ್ಚು ಹಾಕಿದೆ. ಆಯತದ ವಿಸ್ತೀರ್ಣ ಕಲಿಸುವ ಪೆಟ್ಟಿಗೆ ಇಡಲು, ಅದನ್ನೇ ಆಡುತ್ತ ಕಲಿಯುತ್ತಿದ್ದ ಮಕ್ಕಳನ್ನು ಎಬ್ಬಿಸಲಾಯಿತು. ಇದಕ್ಕೆ ನಗಬೇಕೋ ಅಳಬೇಕೋ ಎಂಬ ಪ್ರಶ್ನೆ ನನಗಿಲ್ಲ, ಎರಡನ್ನೂ ಮಾಡಿ ಮುಗಿಸಿದ್ದೇನೆ.

ಅವರ ಟೀಚರ್ ಅಂಗಡಿಗಳಿಂದ ಹಳೆಯ ರಟ್ಟು ತಂದು ಒಂದೊಂದು ಮೀಟರಿನ ಚೌಕಗಳನ್ನು ಕತ್ತರಿಸಿದ್ದರು. ಮಕ್ಕಳು ಬೆಂಚುಗಳನ್ನು ಹೊರಗಿಟ್ಟು, ಚೌಕಗಳನ್ನು ನೆಲಕ್ಕೆ ಹಾಸುತ್ತಿದ್ದರು. ಉದ್ದಕ್ಕೆ ಎಂಟು, ಅಗಲಕ್ಕೆ ಆರು, ಒಟ್ಟು ನಲವತ್ತೆಂಟು. ಯಾರಾದರೂ ಗೋಡೆಯ ಪಕ್ಕದ್ದನ್ನಷ್ಟೇ ಎಣಿಸಿದರೆ ಟೀಚರ್ ನಗುತ್ತಿದ್ದರು: “ಬೇಲಿ ಬೇರೆ, ಹೊಲ ಬೇರೆ ಕಣ್ರೋ. ಸುತ್ತ ನಡೆದ್ರೆ ಬೇಲಿ ಗೊತ್ತಾಗುತ್ತೆ, ಒಳಗೆ ಹಾಸಿದ್ರೇನೆ ಹೊಲ ಗೊತ್ತಾಗೋದು.”

ನನ್ನ ಮೊಮ್ಮಗಳಿಗೆ ಕಾಲಿನಲ್ಲಿ ಬಲವಿಲ್ಲ, ಗಾಲಿಕುರ್ಚಿಯೇ ಗತಿ. ಬಗ್ಗಿ ಹಾಸಲಾಗದ ಅವಳನ್ನು ಟೀಚರ್ ಮೇಸ್ತ್ರಿ ಮಾಡಿದ್ದರು. “ಸಾಲು ಸೊಟ್ಟ ಆಯ್ತು, ಎಡಕ್ಕೆ ತಳ್ಳೋ!” ಎಂದು ಅವಳು ಕೂಗುತ್ತಿದ್ದುದು ಗೇಟಿನವರೆಗೆ ಕೇಳುತ್ತಿತ್ತು. ಮನೆಯಲ್ಲಿ ಅವಳಿಗೆ ನಾವಿಟ್ಟ ಹೆಸರೇ ಮಾತಿನಮಲ್ಲಿ. ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಿಸಿ ಮಡಿಸಿ ನಿವೃತ್ತಳಾದವಳು, ಮಡಿಸುವ ಚಟ ಇನ್ನೂ ಬಿಟ್ಟಿಲ್ಲ, ಮನೆತುಂಬ ಚೌಕವಾಗಿ ಮಡಿಸಿಟ್ಟ ಕರವಸ್ತ್ರಗಳಿವೆ. ಊಟದ ಮೇಜಿನ ಮೇಲೆ ಅವನ್ನೇ ಹಾಸಿಕೊಂಡು ಅಭ್ಯಾಸ ಮಾಡುತ್ತಿದ್ದೆವು. ನಾನು ಬೇಕೆಂದೇ ಒಂದೊಂದಾಗಿ ಎಣಿಸುತ್ತಿದ್ದೆ. “ಅಯ್ಯೋ ಅಜ್ಜಿ, ಎಣಿಸ್ಬೇಡ, ಗುಣಿಸು! ಐದು ಮೂರ್ಲಿ ಎಷ್ಟು?” ಎಂದು ಗದರಿಸುತ್ತಿದ್ದಳು. ಆ ಗದರಿಕೆ ಕೇಳಲಿಕ್ಕಾಗಿಯೇ ನಾನು ದಡ್ಡಿಯಾಗುತ್ತಿದ್ದೆ.

ತಮ್ಮ ಸಹಾಯಕರು ಅಳತೆಗೆ ಬಂದ ದಿನ ಕುರ್ಚಿ ತಳ್ಳಿಕೊಂಡು ಹೋಗಿದ್ದ ನಾನು ಅಲ್ಲೇ ಇದ್ದೆ. ಅವರ ಕೈಯಲ್ಲಿ ತುದಿಗೆ ಚಕ್ರವಿದ್ದ ಒಂದು ಕೋಲು. ಹಳೆಯ ಕೋಣೆಯ ಗೋಡೆಗುಂಟ ಅದನ್ನು ಉರುಳಿಸಿಕೊಂಡು ಒಂದು ಸುತ್ತು ಬಂದರು. ಆಮೇಲೆ ಹೊಸ ಕೋಣೆಗೆ ಹೋದರು. ಕೋಣೆ ಎಂದೆನಲ್ಲ, ಅದು ಹಿಂದೆ ಓಡಾಡುವ ದಾರಿಯಾಗಿತ್ತು, ಎರಡೂ ತುದಿಗೆ ಗೋಡೆ ಕಟ್ಟಿ ಒಂದರಲ್ಲಿ ಬಾಗಿಲಿಟ್ಟಿದ್ದಾರೆ. ಉದ್ದ ಹನ್ನೆರಡು ಮೀಟರ್, ಅಗಲ ಎರಡು. ಅಲ್ಲೂ ಒಂದು ಸುತ್ತು ಬಂದು, “ಅದೂ ಇಪ್ಪತ್ತೆಂಟು ಮೀಟರ್, ಇದೂ ಇಪ್ಪತ್ತೆಂಟು. ಇನ್ನೇನ್ರೀ ತಕರಾರು?” ಎಂದರು.

“ಅಂಕಲ್, ನೀವು ಬೇಲಿ ಅಳೆದ್ರಿ” ಎಂದಳು ನನ್ನ ಮೊಮ್ಮಗಳು.

“ಚೂಟಿ ಇದ್ದಾಳೆ ಹುಡುಗಿ” ಎಂದು ತಲೆ ಸವರಿ ಹೊರಟುಹೋದರು.

ಬೇಲಿಯೇ ಎದ್ದು ಹೊಲ ಮೇಯಿತು ಎಂಬ ಗಾದೆ ಹಳೆಯದು. ಆದರೆ ಮೇಯ್ದ ಮೇಲೆ ಹೊಲ ಹಾಗೇ ಇದೆ ಎಂದು ಸಹಿ ಹಾಕಿದ್ದು ತಮ್ಮ ಕಚೇರಿಯ ಹೊಸ ಸೇರ್ಪಡೆ. ಹೊಸ ಕೋಣೆಯಲ್ಲಿ ಮಕ್ಕಳು ರಟ್ಟು ಹಾಸಿದರು. ಇಪ್ಪತ್ತನಾಲ್ಕಕ್ಕೇ ನೆಲ ಮುಗಿಯಿತು. ಉಳಿದ ಇಪ್ಪತ್ತನಾಲ್ಕನ್ನು ಹಿಡಿದುಕೊಂಡು ಮಕ್ಕಳು ಬಾಗಿಲಾಚೆಗೆ ಸರಿದು ನಿಂತರು. ಬೇಲಿ ಅಳೆದು ಹೊಲವೆನ್ನುವ ತಪ್ಪನ್ನು ಮೂರನೇ ತರಗತಿಯ ಮಕ್ಕಳೂ ಮಾಡುತ್ತಾರೆ, ಅವರನ್ನು ಯಾರೂ ಬೈಯುವುದಿಲ್ಲ. ಮತ್ತೊಮ್ಮೆ ಹಾಸಿ ತೋರಿಸಿದರೆ ಅವರು ನಾಲಿಗೆ ಕಚ್ಚಿಕೊಂಡು ತಿದ್ದಿಕೊಳ್ಳುತ್ತಾರೆ. ಆದರೆ ಮುಖ್ಯೋಪಾಧ್ಯಾಯಿನಿ ತಮ್ಮಲ್ಲಿಗೆ ಬಂದು ಹೇಳಿದಾಗ ಸಿಕ್ಕಿದ ಉತ್ತರ, “ಅಳತೆ ಆಗಿದೆ, ವಿಷಯ ಮುಗಿದಿದೆ.” ಯಾರಿಗೆ ಮುಗಿದಿದೆ, ಸ್ವಾಮಿ?

ಎರಡು ಮೀಟರ್ ಅಗಲದಲ್ಲಿ ಬೆಂಚು ಹಾಕಿದ ಮೇಲೆ ಒಬ್ಬರು ಓರೆಯಾಗಿ ನಡೆಯುವಷ್ಟು ಜಾಗ ಉಳಿಯುತ್ತದೆ. ಗಾಲಿಕುರ್ಚಿಯನ್ನು ಬಾಗಿಲ ಬಳಿ ನಿಲ್ಲಿಸಿದರೆ ಬಾಗಿಲೇ ಬಂದ್. ಹಾಗಾಗಿ ಇವಳು ಕೊನೆಯ ಗೋಡೆಯ ಹತ್ತಿರ. ಶೌಚಕ್ಕೆ ಹೋಗಬೇಕೆಂದರೆ ತರಗತಿಗೆ ತರಗತಿಯೇ ಎದ್ದು ಬೆಂಚು ಎತ್ತಬೇಕು. ಮೊದಮೊದಲು ಮಕ್ಕಳಿಗೆ ಅದೂ ಒಂದು ಆಟವಾಗಿತ್ತು. ಒಂದು ದಿನ ಯಾರೋ “ಮತ್ತೇನಾ?” ಎಂದರಂತೆ. ಕೆಟ್ಟ ಮಗುವಲ್ಲ, ಬೇಸತ್ತ ಮಗು. ಅಂದಿನಿಂದ ನನ್ನ ಮಾತಿನಮಲ್ಲಿ ಶಾಲೆಯಲ್ಲಿ ನೀರು ಕುಡಿಯುವುದನ್ನು ನಿಲ್ಲಿಸಿದಳು. ನಮಗೆ ಗೊತ್ತಾಗಬಾರದೆಂದು ಬಾಟಲಿಯ ನೀರನ್ನು ಗೇಟಿನ ಬಳಿಯ ಗಿಡಕ್ಕೆ ಸುರಿದು ಬರುತ್ತಿದ್ದಳು.

ಜ್ವರ ಬಂದಾಗಲೇ ನಮಗೆ ತಿಳಿದದ್ದು. “ಮಗು ನೀರೇ ಕುಡೀತಿಲ್ವಲ್ಲಮ್ಮ, ಒಳಗೆಲ್ಲ ಸೋಂಕಾಗಿದೆ” ಎಂದರು ಡಾಕ್ಟರು. ಯಾಕೆ ಪುಟ್ಟಿ ಎಂದು ಕೇಳಿದೆ. “ಕುಡಿದ್ರೆ ಹೋಗ್ಬೇಕಾಗುತ್ತಲ್ಲ ಅಜ್ಜಿ. ಎಲ್ರೂ ಏಳ್ಬೇಕು.” ಒಂಬತ್ತು ವರ್ಷದ ಮಗು ತನ್ನ ಬಾಯಾರಿಕೆಯನ್ನು ನಿಮ್ಮ ಅಳತೆಗೆ ಸರಿಹೊಂದಿಸಿಕೊಂಡಿತ್ತು.

ಜ್ವರವೇನೋ ಇಳಿದಿದೆ. ಆದರೆ ಶಾಲೆಯ ಮಾತೆತ್ತಿದರೆ ಮುಖ ತಿರುಗಿಸುತ್ತಾಳೆ. ಕರವಸ್ತ್ರಗಳನ್ನು ಮುಂದಿಟ್ಟು ನಾನು ತಪ್ಪು ತಪ್ಪಾಗಿ ಎಣಿಸಿದರೂ ಗದರಿಸುವುದಿಲ್ಲ. ನಿನ್ನೆ ಅವಳೇ ಎರಡು ಕರವಸ್ತ್ರ ತೆಗೆದು ಪಕ್ಕಪಕ್ಕ ಹಾಸಿದಳು. “ಇದು ನನ್ನ ಕುರ್ಚಿಗೆ, ಇದು ತಿರುಗೋಕೆ. ಎರಡೇ ಚದರ ಮೀಟರ್ ಅಜ್ಜಿ. ಅದೂ ಜಾಸ್ತಿ ಆಗುತ್ತಾ?”

ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನೀವು, ಅದಕ್ಕೇ ಈ ಪತ್ರ.

ಆ ಪೆಟ್ಟಿಗೆಗಳನ್ನು ಇಕ್ಕಟ್ಟಿನ ಕೋಣೆಗೆ ಸಾಗಿಸಿ, ಮಕ್ಕಳ ಕೋಣೆಯನ್ನು ಮಕ್ಕಳಿಗೆ ಬಿಟ್ಟುಕೊಡಿ. ಪೆಟ್ಟಿಗೆಗಳಿಗೆ ಬಾಯಾರಿಕೆಯಾಗುವುದಿಲ್ಲ, ಅವು ಎದ್ದು ಹೊರಗೆ ಹೋಗಬೇಕಾಗಿಯೂ ಇಲ್ಲ. ಅಳತೆ ಸರಿಯಿದೆ ಎಂದು ಇನ್ನೂ ಅನ್ನಿಸಿದರೆ ತಾವೇ ಬನ್ನಿ, ರಟ್ಟು ಹಾಸಲು ಮಕ್ಕಳಿದ್ದಾರೆ. ನನಗೆ ಉತ್ತರ ಬರೆಯುವ ತೊಂದರೆ ಬೇಡ. ಹಳೆಯ ಕೋಣೆಯ ಬಾಗಿಲು ತೆರೆದ ದಿನ ಹೇಳಿ ಕಳಿಸಿದರೆ ಸಾಕು, ಬಾಟಲಿ ತುಂಬ ನೀರು ತುಂಬಿಸಿಕೊಂಡು ಅವಳನ್ನು ಕರೆತರುತ್ತೇನೆ.

ಇಂತಿ,
ಉಳಿದ ಇಪ್ಪತ್ತನಾಲ್ಕು ಚೌಕಗಳನ್ನು ಎಲ್ಲಿ ಹಾಸಬೇಕೆಂದು ತಿಳಿಯದ
ಒಬ್ಬ ಅಜ್ಜಿ