ಕುಡುಗೋಲಿನ ಸಿನಿಮಾ, ಅಕ್ಕನ ಕಣ್ಣು

ಹೊಳೆನರಸೀಪುರ
ಭಾನುವಾರ

ಪ್ರೀತಿಯ ಗಿರಿಜಕ್ಕನಿಗೆ ನಮಸ್ಕಾರ.

ಫೋನಿನಲ್ಲಿ ಕಣ್ಣಿನ ಆಪರೇಷನ್ ಮಾತೆತ್ತಿದರೆ ಕಟ್ ಮಾಡ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಪ್ರೇಕ್ಷಾ, ನಿಮ್ಮಜ್ಜಿಗೆ ಪೂರ್ತಿ ಓದಿ ಹೇಳವ್ವ.

ಅಕ್ಕ, ನಮ್ಮ ಕುಡುಗೋಲು ಕೊಲೆಗಾರನ ಸಿನಿಮಾವನ್ನು ಹೊಸದಾಗಿ ತೆಗೆದಿದ್ದಾರೆ. ಹಾಸನಕ್ಕೆ ಹೋಗಿ ನೋಡಿದೆ. ರಕ್ತ ಜಾಸ್ತಿ, ಭಯ ಕಮ್ಮಿ. ಹಳೆಯದರಲ್ಲಿ ಅವನು ಬಾಯೇ ಬಿಡುತ್ತಿರಲಿಲ್ಲ. ಇದರಲ್ಲಿ ತಾನು ಯಾಕೆ ಕೊಲೆಗಾರನಾದೆ ಅಂತ ಹೇಳಿಕೊಂಡು ಅಳುತ್ತಾನೆ! ಆದರೂ ಬಾವಿಯ ಸೀನಿನಲ್ಲಿ ನನ್ನ ಕೈ ಪಕ್ಕದ ಸೀಟಿಗೆ ಹೋಯಿತು. ಅಲ್ಲಿ ಯಾರೋ ಗೊತ್ತಿಲ್ಲದ ಹೆಂಗಸು, "ಏನಮ್ಮಾ?" ಅಂದಳು.

ಚಿಕ್ಕಂದಿನಲ್ಲಿ ದಂಡಿಗನಹಳ್ಳಿಯ ಟೆಂಟಿನಲ್ಲಿ ಹಳೆಯದನ್ನು ನೋಡಿದ ಮೂರು ಸಲವೂ ಆ ಸೀನಿಗೆ ನೀನು ಸೆರಗಿನಿಂದ ನನ್ನ ಕಣ್ಣು ಮುಚ್ಚಿ, ನೀನು ಮಾತ್ರ ನೋಡಿದೆ. ಆಮೇಲೆ ನೀನೇ "ಮುಗೀತು ಕಣೇ, ಕಣ್ ಬುಡು" ಅಂದೆ. ಅಂಥವಳು ಈಗ ಪೊರೆ ತೆಗೆಸೋಕೆ ಹೆದರುತ್ತೀಯಲ್ಲ! ಇನ್ನು ತಡಮಾಡಿದರೆ ದೃಷ್ಟಿ ಉಳಿಯಲ್ಲ ಅಂತ ಡಾಕ್ಟರು ಅಂದಿದ್ದಾರೆ. ನನಗೂ ಹೆದರಿಕೆಯೇ. ಮೂರು ದಿನದಿಂದ ಊಟ ಸೇರಿಲ್ಲ.

ಬುಧವಾರ ಬೆಳಗಿನ ಬಸ್ಸಿಗೆ ಅರಕಲಗೂಡಿಗೆ ಬರುತ್ತೇನೆ. ಶುಗರ್ ಟೆಸ್ಟಿನ ಚೀಟಿ ತೆಗೆದಿಟ್ಟು ಆಸ್ಪತ್ರೆಗೆ ಹೊರಟು ನಿಂತಿರು. ಆಪರೇಷನ್ ಆಗಿ ಕಣ್ಣಿನ ಪಟ್ಟಿ ಬಿಚ್ಚುವಾಗ ಡಾಕ್ಟರು ಸುಮ್ಮನಿರಲಿ. ಕಣ್ಣು ಬಿಡು ಅನ್ನೋದನ್ನ ಈ ಸಲ ನಾನು ಹೇಳಬೇಕು.

ನಿನ್ನ ತಂಗಿ
ಪ್ರೇಮಕುಮಾರಿ