ಹೊರಡುವಾಗ ಆಡುವ ಮಾತು

ವರ್ಲೀನ್ ಅವರಿಗೆ,

ಶನಿವಾರ ಬೆಳಿಗ್ಗೆ ಟೆನೆಸ್ಸಿಯ ನಿಮ್ಮ ಮನೆಗೆ ಬರುತ್ತೇನೆ. ಒಣ ಸೇಬು ನಾನು ತರುತ್ತೇನೆ, ಕೇಕು ಮಾಡುವ ಕಷ್ಟ ನಿಮ್ಮದು. ಊಟ ಮುಗಿಸಿ ವಾಪಸು ಹೊರಡುವಾಗ ಬೆಟ್ಟದ ನೆತ್ತಿಯ ಬ್ಲೂ ರಿಜ್ ರಸ್ತೆ ಹಿಡಿಯುತ್ತೇನೆ. ಮೇಪಲ್ ಎಲೆಗಳು ಕೆಂಪಾಗಿವೆ. ಮಂಜು ಕವಿದರೆ ಗಾಡಿ ನಿಧಾನವಾಗುತ್ತದೆ, ಹಾಗಾಗಿ ಎರಡು ದಿನ ಇಟ್ಟುಕೊಂಡಿದ್ದೇನೆ. ನಡುವಿನ ರಾತ್ರಿ ನನ್ನ ತಂಗಿ ನೆಲ್ಡಾಳ ಮನೆಯಲ್ಲಿ. ಎರಡು ಕೋಣೆ ಗುಡಿಸಿಡು ಎಂದೆ. "ಒಬ್ಬನಿಗೆ ಎರಡು ಕೋಣೆ ಯಾಕೋ ಅಣ್ಣ, ನಾಯಿಗೂ ಒಂದಾ?" ಎಂದು ನಕ್ಕಳು.

ನಿಮ್ಮ ಯಜಮಾನರೂ ನನ್ನ ಹೆಂಡತಿಯೂ ಬದುಕಿದ್ದ ಕಾಲದಿಂದ ಹೊರಡುವಾಗ ನಮ್ಮದು ಒಂದೇ ಮಾತು. ನೀವು ಜಗಲಿಯಲ್ಲಿ ನಿಂತು "ಇಷ್ಟು ಬೇಗ ಏನ್ರೀ, ಇವತ್ತು ಇದ್ದು ಹೋಗಿ" ಅನ್ನುತ್ತೀರಿ. ನಾನು "ಆಗಲ್ಲ, ನೀವೇ ನಮ್ಮನೆಗೆ ಬಂದ್ಬಿಡಿ" ಅನ್ನುತ್ತೇನೆ. ಈ ಬೆಟ್ಟಗಳಲ್ಲಿ ಎಲ್ಲರೂ ಹೀಗೆ ಹೇಳುವವರೇ. ಅದನ್ನು ನಂಬಿ ಗಾಡಿ ಹತ್ತಿದವರನ್ನು ಮಾತ್ರ ನಾನು ಕಂಡಿಲ್ಲ.

ಈ ಸಲವೂ ಅದನ್ನೇ ಹೇಳುತ್ತೇನೆ, ಬೇರೆ ಮಾತು ನನಗೆ ಬರುವುದಿಲ್ಲ. ಅದಕ್ಕೇ ಮೊದಲೇ ಬರೆದು ತಿಳಿಸುತ್ತಿದ್ದೇನೆ. ಮುಂದಿನ ಸೀಟಿನ ಮೇಲಿದ್ದ ಗರಗಸ, ಹಗ್ಗ ಎಲ್ಲ ತೆಗೆದಿದ್ದೇನೆ. ನಾಯಿ ಹಿಂದೆ ಕೂರಲು ಒಪ್ಪಿದೆ. ಮೇಲೆ ಗಾಳಿ ಜೋರು, ಆದ್ದರಿಂದ ನಿಮ್ಮ ಉಣ್ಣೆಯ ಕೋಟು ಬಾಗಿಲ ಬಳಿ ಇರಲಿ.

ಕೋಟು ಅಲ್ಲಿ ಕಾಣದಿದ್ದರೂ ಆ ಮಾತು ಹೇಳಿಯೇ ಹೊರಡುತ್ತೇನೆ. ಆಗ ಅದನ್ನು ಬರೀ ಮರ್ಯಾದೆಯ ಮಾತು ಎಂದುಕೊಳ್ಳಿ.

ಇಂತಿ,
ಪಕ್ಕದ ಸೀಟು ಒರೆಸಿಟ್ಟಿರುವ
ಹೋಬರ್ಟ್